ವಿಲಾಸಿನಿಯ ಫೈಲು

ಗಣಿತದ ಮೇಷ್ಟ್ರು ಅಚ್ಯುತನ್ ಮಾಷ್ ತಮ್ಮ ಪಾಸ್‌ವರ್ಡನ್ನು ಮೂರು ಸಲ ತಪ್ಪಾಗಿ ಒತ್ತಿದ್ದೇ ಎಲ್ಲಕ್ಕೂ ಮೂಲ. ಖಾತೆ ಬಾಗಿಲು ಹಾಕಿಕೊಂಡಿತು. ಇನ್ನು ಇಪ್ಪತ್ತೇ ನಿಮಿಷದಲ್ಲಿ ಏಳನೇ ಕ್ಲಾಸಿನಲ್ಲಿ, ಶಿಕ್ಷಣಾಧಿಕಾರಿಯ ಕಣ್ಣೆದುರು, ಎಲ್ಲರೂ ಒಟ್ಟಿಗೆ ಬರೆಯಬಹುದಾದ ಕ್ಲೌಡ್ ಫೈಲು ಬಳಸಿ ಗಣಿತದ ಪಾಠ ಮಾಡಿ ತೋರಿಸಬೇಕಿತ್ತು. ಹಾಗೆ ಪಾಠ ಮಾಡಲು ಬಾರದವರಿಗೆ ಓಣಂ ರಜೆಯ ಹತ್ತೂ ದಿನ ಪಾಲಕ್ಕಾಡಿನಲ್ಲಿ ತರಬೇತಿ.

ಆ ರಜೆಯಲ್ಲೇ ಅವರ ಮೊಮ್ಮಗಳಿಗೆ ಇಪ್ಪತ್ತೆಂಟು ದಿನ ತುಂಬುತ್ತಿತ್ತು. ಅಂದು ನಾಮಕರಣ; ಮಗುವಿನ ಸೊಂಟಕ್ಕೆ ದಾರ ಕಟ್ಟಿ, ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕಾದವರು ಅಜ್ಜ. ‘ನಿರುಪಮ’ ಎಂದು ಮಾಷ್ ತಾವೇ ಆರಿಸಿ, ಮಗು ಹುಟ್ಟಿದಂದಿನಿಂದ ಬಚ್ಚಲಮನೆಯಲ್ಲಿ ಪಿಸುಗುಟ್ಟಿ ಅಭ್ಯಾಸ ಮಾಡುತ್ತಿದ್ದರು.

“ಹೆಂಡತಿ ಖಾತೇಲಿ ಮಾಡ್ಬಿಡಿ ಮಾಷೇ,” ಎಂದರು ಪಕ್ಕದ ಮೇಜಿನ ಶೋಶಾಮ್ಮ ಟೀಚರ್. ತಮ್ಮ ಕೆಲಸವೊಂದು ಬಿಟ್ಟು ಉಳಿದವರ ಕೆಲಸವೆಲ್ಲ ಅವರಿಗೆ ಚೆನ್ನಾಗಿ ಗೊತ್ತು. “ಫೈಲು ಯಾರದಾದ್ರೇನು? ಪಾಠ ನಿಮ್ದೇ ತಾನೆ?”

ಹೆಂಡತಿ ವಿಲಾಸಿನಿಯ ಪಾಸ್‌ವರ್ಡ್ ಮಾಷ್‌ಗೆ ಬಾಯಿಪಾಠ. ಮನೆಯ ಎಮ್ಮೆಯ ಹೆಸರು. ಟೀಚರೇ ಅವರ ಮೊಬೈಲು ಕಿತ್ತುಕೊಂಡು ಹೊಸ ಫೈಲು ತೆರೆದರು, ಕ್ಲಾಸಿನ ಕಂಪ್ಯೂಟರಿಗೂ ಮಕ್ಕಳ ಟ್ಯಾಬುಗಳಿಗೂ ಅದನ್ನು ನೋಡಿ ಬರೆಯಲು ಅನುಮತಿ ಕೊಟ್ಟರು.

ಕ್ಲಾಸಿನಲ್ಲಿ ಪರದೆ ಬೆಳಗಿತು. ಮಾಷ್ ಗಂಟಲು ಸರಿಮಾಡಿಕೊಂಡು, “ಇವತ್ತಿನ ಪಾಠ ಅನುಪಾತ,” ಎಂದರು. ಅವರು ಕೀಲಿ ಮುಟ್ಟುವ ಮೊದಲೇ ಪರದೆಯ ಮೇಲೆ ಅಕ್ಷರ ಮೂಡತೊಡಗಿತು.

‘ಪಾಯಸಕ್ಕೆ. ನಲವತ್ತು ಜನ. ಹಾಲು ಹತ್ತು ಲೀಟರು. ಸಕ್ಕರೆ ಎರಡೂವರೆ ಕಿಲೊ.’

ಬರೆಯುತ್ತಿರುವುದು ಯಾರೆಂದು ಮಾಷ್‌ಗೆ ಹೊಳೆಯಿತು. ಮನೆಯಲ್ಲಿ ವಿಲಾಸಿನಿ ತನ್ನ ಮೊಬೈಲಿನಲ್ಲಿ ಖಾಲಿ ಫೈಲು ಕಂಡು, ಗಂಡ ನಾಮಕರಣದ ಪಟ್ಟಿಗೆಂದೇ ತೆರೆದಿದ್ದಾರೆ ಎಂದುಕೊಂಡಿದ್ದಳು. ಮಹಿಳಾ ಸಂಘದ ಕಾರ್ಯದರ್ಶಿ ಆಕೆ. ಇಂಥದ್ದರಲ್ಲಿ ಗಂಡನಿಗಿಂತ ನಾಲ್ಕು ಹೆಜ್ಜೆ ಮುಂದೆ.

‘ನಿಮ್ಮಕ್ಕನ ಮನೆಯವರೂ ಸೇರಿದ್ರೆ ಅರವತ್ತು. ಅವರು ಬರದೆ ಇರ್ತಾರಾ?’

ಮಕ್ಕಳು ಕಿಸಕ್ಕೆಂದರು. ಅಧಿಕಾರಿ ಕನ್ನಡಕ ಮೇಲೇರಿಸಿದರು. “ಯಾರ್ರೀ ಇದು ಬರೀತಿರೋದು?”

“ಮನೆಯಿಂದ, ಸಾರ್…” ಮಾಷ್ ತೊದಲಿದರು. “ಪಾಠದಲ್ಲಿ ಮನೆಯವರೂ ಸೇರ್ಲಿ ಅಂತ…”

ಅಷ್ಟರಲ್ಲಿ ಮುಂದಿನ ಬೆಂಚಿನ ಫಿದಾ ಕೂಗಿದಳು: “ಮಾಷೇ, ಅರವತ್ತು ಜನಕ್ಕೆ ಹಾಲು ಹದಿನೈದು ಲೀಟರು!”

“ಸಕ್ಕರೆ ಮೂರೂಮುಕ್ಕಾಲು!” ಹಿಂದಿನಿಂದ ಇನ್ನೊಂದು ದನಿ. ಮಕ್ಕಳ ಉತ್ತರಗಳು ಪಟಪಟನೆ ಪಟ್ಟಿಯ ಪಕ್ಕದಲ್ಲಿ ಬಂದು ಕೂತವು. ಗಂಡ ಇಷ್ಟು ಬೇಗ ಲೆಕ್ಕ ಮಾಡಿದ್ದು ಕಂಡು ವಿಲಾಸಿನಿಗೂ ಹುರುಪು ಬಂತು.

‘ಅಷ್ಟು ಸಕ್ಕರೆ ಬೇಡ. ನಿಮ್ಮಕ್ಕನಿಗೆ ಡಯಾಬಿಟೀಸು. ಕಾಲುಭಾಗ ಕಮ್ಮಿ ಮಾಡಿ.’

ಇಡೀ ಕ್ಲಾಸು ಲೆಕ್ಕಕ್ಕೆ ಬಿತ್ತು. ಅಧಿಕಾರಿಯೂ ಜೇಬಿನಿಂದ ಪೆನ್ನು ತೆಗೆದರು.

ಪಾಠ ಮುಗಿದಾಗ ಅವರು ಮಾಷ್‌ರ ಕೈ ಹಿಡಿದು ಕುಲುಕಿದರು. “ಮನೇನೇ ಕ್ಲಾಸಿಗೆ ತಂದ್ಬಿಟ್ರಲ್ಲ ಮಾಷೇ! ತರಬೇತಿಗೆ ಕಲಿಯೋಕೆ ನೀವು ಬರ್ಬೇಕಾಗಿಲ್ಲ.”

ಮಾಷ್‌ಗೆ ಹೋದ ಜೀವ ಬಂದಂತಾಯಿತು. ಸಂತೋಷಕ್ಕೆ ಅಲ್ಲೇ ‘ನಿರುಪಮ’ ಎಂದು ಪಿಸುಗುಟ್ಟಿದರು.

“ಕಲಿಸೋಕೆ ಬನ್ನಿ,” ಎಂದರು ಅಧಿಕಾರಿ. “ಹತ್ತೂ ದಿನ.”

“ಸಾರ್, ಮೊಮ್ಮಗಳ…”

“ಸಂಕೋಚ ಯಾಕೆ?” ಎಂದ ಅಧಿಕಾರಿ ಕಂಪ್ಯೂಟರಿನ ಮುಂದೆ ತಾವೇ ಕೂತು, ಎಲ್ಲರಿಗೂ ಕಾಣಲೆಂದು ಆ ಫೈಲಿನಲ್ಲೇ ಬರೆದರು: ‘ಅಚ್ಯುತನ್ ಮಾಷ್, ಮುಖ್ಯ ತರಬೇತುದಾರರು. ಓಣಂ ರಜೆಯ ಹತ್ತೂ ದಿನ ಪಾಲಕ್ಕಾಡಿನಲ್ಲಿ. ಸಂತೋಷದಿಂದ ಒಪ್ಪಿದ್ದಾರೆ.’

ಅದರ ಕೆಳಗೇ ಮನೆಯಿಂದ ಉತ್ತರ ಮೂಡಿತು.

‘ಸಂತೋಷದಿಂದಾ?’

ಮಾಷ್ ಕೀಲಿಮಣೆಯತ್ತ ಧಾವಿಸಿದರು. ಅಷ್ಟರಲ್ಲಿ ಇನ್ನೊಂದು ಸಾಲು ಬಂದೇಬಿಟ್ಟಿತು.

‘ಸರಿ. ಹೆಸರು ನಾನೇ ಹೇಳ್ತೀನಿ. ಪಾರುಕುಟ್ಟಿ. ನಮ್ಮಮ್ಮನ ಹೆಸರು.’

ಮರುಕ್ಷಣ ಪಟ್ಟಿ, ಪಾಯಸ, ಅಕ್ಕ ಎಲ್ಲ ಮಾಯವಾಗಿ ಪರದೆ ಬೆಳ್ಳಗಾಯಿತು. ನಡುವೆ ಒಂದೇ ಸಾಲು ಉಳಿಯಿತು: ‘ಈ ಫೈಲನ್ನು ನೋಡಲು ನಿಮಗೆ ಅನುಮತಿ ಇಲ್ಲ.’

“ಭೇಷ್!” ಎಂದರು ಅಧಿಕಾರಿ. “ಇದನ್ನ ಹೇಗೆ ಮಾಡೋದು ಅಂತ ಮೊದಲನೇ ದಿನವೇ ಕಲಿಸ್ಬಿಡಿ ಮಾಷೇ.”