ಭಾವನ ಬೋಳು ಬೆರಳು

ಆ ದಿನ ಏನೇನು ಆಗಬಹುದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಕೂತ ಆಟೋ ಕಗ್ಗದಾಸಪುರದ ರೈಲ್ವೆ ಗೇಟಿನಲ್ಲಿ ಸಿಕ್ಕಿಕೊಂಡು, ಮತದಾನ ಮುಗಿಯುವ ತನಕ ಗೇಟು ತೆರೆಯದೇ ಇರಬಹುದಿತ್ತು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ನನ್ನ ಅಕ್ಕನನ್ನು ಹೊತ್ತೊಯ್ಯಬೇಕಿದ್ದ ಪ್ಲಾಸ್ಟಿಕ್ ಕುರ್ಚಿಯ ಕಾಲೂ ನಡುಬೀದಿಯಲ್ಲಿ ಮುರಿದು, ಮುರಿದ ಕಾಲುಗಳ ಸಂಖ್ಯೆ ಎರಡಕ್ಕೇರಬಹುದಿತ್ತು. ಅವಳ ಗುರುತಿನ ಚೀಟಿಯಲ್ಲಿ ಯಾರೋ ಮೀಸೆಯವರ ಮುಖ ಕಾಣಿಸಿಕೊಳ್ಳಬಹುದಿತ್ತು. ಇನ್ನು ಭಾವನವರು ಅಂಚೆಯಲ್ಲಿ ಕಳಿಸಿದ್ದ ಮತ? ಆ ದಪ್ಪ ಲಕೋಟೆ ಶಿವಾಜಿನಗರದ ಅಂಚೆ ಡಬ್ಬಿಯ ಬಾಯಲ್ಲೇ ಸಿಕ್ಕಿಕೊಂಡು, ದಾರಿಹೋಕ ಮೇಕೆಯೊಂದು ಅದನ್ನು ಎಳೆದು ಮೆದ್ದು, ಗುಪ್ತ ಮತದಾನವನ್ನು ನಿಜಕ್ಕೂ ಗುಪ್ತವಾಗಿ ಹೊಟ್ಟೆಯಲ್ಲಿಟ್ಟುಕೊಳ್ಳಬಹುದಿತ್ತು!

ಇದೆಲ್ಲವನ್ನೂ ಮುಂಚಿತವಾಗಿ ಯೋಚಿಸಿ, ಒಂದು ಚೀಲದಲ್ಲಿ ಕೊಡೆ, ಗ್ಲೂಕೋಸು, ಹಗ್ಗ ಮತ್ತು ಸುತ್ತಿಗೆ ಇಟ್ಟುಕೊಂಡು ಹೊರಟಿದ್ದೆ. ಸುತ್ತಿಗೆ ಏಕೆ ಎಂದು ಕೇಳಬೇಡಿ. ಚಿಂತೆ ಮಾಡುವವನಿಗೆ ಕಾರಣ ಬೇಕೇ?

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೆರಳ ತುದಿಯಷ್ಟು ಚಿಕ್ಕದು. ಅದು ನಿಮಗೆ ಅರ್ಥವಾಗಬೇಕಾದರೆ ನಮ್ಮ ಭಾವನವರು ಅರ್ಥವಾಗಬೇಕು. ಅವರು ನನಗೇ ಇನ್ನೂ ಪೂರ್ತಿ ಅರ್ಥವಾಗಿಲ್ಲ.

ನಮ್ಮ ಭಾವನವರು ಮತಗಟ್ಟೆಗೆ ಹೋದಷ್ಟು ಸಲ ದೇವಸ್ಥಾನಕ್ಕೂ ಹೋದವರಲ್ಲ. ಆದರೆ ಮತಗಟ್ಟೆಯಲ್ಲಿ ಒಂದೇ ಒಂದು ಮತ ಹಾಕಿದವರೂ ಅಲ್ಲ! ಶಿವಾಜಿನಗರದ ಸರ್ಕಾರಿ ಹೈಸ್ಕೂಲಿನ ಕನ್ನಡ ಮೇಷ್ಟ್ರು ಅವರು. ಚುನಾವಣೆ ಬಂತೆಂದರೆ ಮೇಷ್ಟ್ರುಗಳಿಗೆ ಡ್ಯೂಟಿ ಬಂತೆಂದೇ ಲೆಕ್ಕ. ಊರಿನ ಇನ್ನಾವುದೋ ಮೂಲೆಯ ಮತಗಟ್ಟೆಯಲ್ಲಿ ಕೂತು ಕಂಡಕಂಡವರ ಬೆರಳಿಗೆಲ್ಲ ಮಸಿ ಹಚ್ಚಬೇಕು. ತಮ್ಮ ಮತವನ್ನು ಮಾತ್ರ ಅಂಚೆಯಲ್ಲಿ ಕಳಿಸಬೇಕು. ಮದುವೆ ಮನೆಯ ಅಡುಗೆಭಟ್ಟರಿಗೆ ಊಟವನ್ನು ಪೊಟ್ಟಣ ಕಟ್ಟಿ ಕೊಟ್ಟ ಹಾಗೆ!

ಉಳಿದ ಮೇಷ್ಟ್ರುಗಳು ಈ ಡ್ಯೂಟಿ ತಪ್ಪಿಸಿಕೊಳ್ಳಲು ಇಲ್ಲದ ಬೆನ್ನುನೋವು ಬರಿಸಿಕೊಳ್ಳುತ್ತಿದ್ದರು. ನಮ್ಮ ಭಾವನವರಿಗೆ ಇದ್ದ ಬೆನ್ನುನೋವೂ ಅಂದು ಹೋಗುತ್ತಿತ್ತು. ನಿಯಮ ಎಂದರೆ ಅವರಿಗೆ ಅಷ್ಟು ಪ್ರೀತಿ. ಅವರ ಮನೆಯ ಹತ್ತಿರದ ಕಗ್ಗದಾಸಪುರದ ರೈಲ್ವೆ ಗೇಟು ಹಾಕಿದಾಗ ಊರಿಗೆ ಊರೇ, ತಲೆ ಮೇಲೆ ಸೊಪ್ಪಿನ ಬುಟ್ಟಿ ಹೊತ್ತವರೂ ಸೇರಿ, ಅಡಿಯಲ್ಲಿ ನುಸುಳಿ ದಾಟುತ್ತದೆ. ಇವರೊಬ್ಬರು ಮಾತ್ರ ಕೈಕಟ್ಟಿ ನಿಲ್ಲುತ್ತಾರೆ. ಒಮ್ಮೆ ಹೀಗೆ ನಿಂತೇ ತಮ್ಮ ನಾದಿನಿಯ ಧಾರೆ ತಪ್ಪಿಸಿಕೊಂಡರು. ನಾದಿನಿ ಎಂದರೆ ನನ್ನ ತಂಗಿ. ಅವಳು ಇನ್ನೂ ಮರೆತಿಲ್ಲ.

ಚುನಾವಣೆಯನ್ನು ಅವರು ಮನೆಗೂ ತಂದರು. ಲೋಕಸಭೆ, ವಿಧಾನಸಭೆ, ಕಾರ್ಪೊರೇಷನ್ನಿಗೆ ನಮ್ಮ ನಿಮ್ಮಂತೆ ಅವರಿಗೂ ಮತವಿತ್ತು. ಅದರ ಮೇಲೆ ಪದವೀಧರರೆಂದು ವಿಧಾನ ಪರಿಷತ್ತಿಗೆ ಒಂದು, ಶಿಕ್ಷಕರೆಂದು ಅದೇ ಪರಿಷತ್ತಿಗೆ ಇನ್ನೊಂದು. ಇದು ಗೊತ್ತಾದ ದಿನ ಏಳನೇ ಕ್ಲಾಸಿನವರೆಗೆ ಓದಿದ ನಮ್ಮಕ್ಕ ಸಾರಿನ ಸೌಟು ಹಿಡಿದೇ ಆಚೆ ಬಂದಳು.

"ಇದ್ಯಾವ ನ್ಯಾಯ ರೀ? ಓದಿದೋರಿಗೆ ಮೂರ್ಮೂರು ಸಲ ಬಡಿಸೋದು, ನಮಗೆ ಒಂದೇ ತುತ್ತಾ?"

"ಅದು ಮೇಲ್ಮನೆ ಕಣೇ. ಅಲ್ಲಿ ಮುದ್ರೆ ಒತ್ತೋದಲ್ಲ. ಒಂದು, ಎರಡು, ಮೂರು ಅಂತ ನಂಬರ್ ಹಾಕ್ಬೇಕು. ಪ್ರಾಶಸ್ತ್ಯದ ಮತ ಅಂತಾರೆ. ಇರು, ತೋರಿಸ್ತೀನಿ."

ತೋರಿಸಿದ್ದು ಭಾನುವಾರದ ತಿಂಡಿಯ ಮೇಲೆ. ಅಕ್ಕ, ಭಾವ, ಅವರ ಇಬ್ಬರು ಮಕ್ಕಳು, ಹಲಸೂರಿನಿಂದ ಪುಕ್ಕಟೆ ತಿಂಡಿಗೆ ಬಂದ ನಾನು. ಕಣದಲ್ಲಿ ಇಡ್ಲಿ, ದೋಸೆ, ಉಪ್ಪಿಟ್ಟು. ಮಕ್ಕಳಿಬ್ಬರೂ ಇಡ್ಲಿಗೆ ಮೊದಲ ನಂಬರು ಕೊಟ್ಟರು. ನಾನು ಮತ್ತು ಅಕ್ಕ ದೋಸೆಗೆ. ಉಪ್ಪಿಟ್ಟಿಗೆ ಭಾವನವರದು ಒಂದೇ. ಯಾರಿಗೂ ಅರ್ಧಕ್ಕಿಂತ ಹೆಚ್ಚಿಲ್ಲ! ಆಗ ಭಾವನವರು ಗಂಟಲು ಸರಿಮಾಡಿಕೊಂಡು, ಕೊನೆಯಲ್ಲಿರುವ ಉಪ್ಪಿಟ್ಟು ಕಣದಿಂದ ಹೊರಕ್ಕೆ, ಅದಕ್ಕೆ ಬಿದ್ದ ಮತ ಆ ಮತದಾರನ ಎರಡನೇ ನಂಬರಿಗೆ ವರ್ಗ ಎಂದರು. ಅವರ ಎರಡನೇ ನಂಬರು ಇಡ್ಲಿ. ಗೆದ್ದದ್ದು ಇಡ್ಲಿ! ನಾನು ಬೆಚ್ಚಿಬಿದ್ದೆ. ಸೋತು ಮನೆಗೆ ಹೋದ ಉಪ್ಪಿಟ್ಟಿನ ಪಕ್ಷದವರು ಹೋಗುತ್ತಾ ಹೋಗುತ್ತಾ ಸರ್ಕಾರ ರಚಿಸಿ ಹೋದರಲ್ಲ!

ಅಕ್ಕ ಕಾವಲಿಗೆ ಎಣ್ಣೆ ಸವರಿದಳು. "ರುಬ್ಬಿಟ್ಟಿರೋದು ದೋಸೆ ಹಿಟ್ಟು. ನಿಮ್ಮ ಪರಿಷತ್ತು ವಿಸರ್ಜನೆ ಆಯ್ತು, ತಟ್ಟೆ ತಗೊಳ್ಳಿ."

ಭಾವನವರು ತಟ್ಟೆ ತೆಗೆದುಕೊಂಡರು. ತಿನ್ನುತ್ತಾ ಇನ್ನೊಂದು ವಿಷಯವನ್ನೂ ಹೇಳಿದರು. ಶಿಕ್ಷಕರ ಚುನಾವಣೆಯಲ್ಲಿ ನಂಬರು ಬರೆಯುವ ಬದಲು ಕೆಲವು ಮೇಷ್ಟ್ರುಗಳು ರೈಟು ಗುರುತು ಹಾಕಿಬಿಡುತ್ತಾರಂತೆ. ಹಾಕಿದರೆ ಮತ ತಿರಸ್ಕೃತ. ಜನ್ಮವಿಡೀ ಮಕ್ಕಳ ಪುಸ್ತಕದ ಮೇಲೆ ರೈಟು ಹಾಕಿದ ಕೈ, ಅಭ್ಯರ್ಥಿಯ ಹೆಸರು ಕಂಡರೂ ಸುಮ್ಮನಿರುತ್ತದೆಯೇ? "ಒಬ್ಬರಂತೂ ರೈಟು ಹಾಕಿ ಪಕ್ಕದಲ್ಲಿ 'ಅಕ್ಷರ ದುಂಡಗಿರಲಿ' ಅಂತ ಬರೆದಿದ್ರು ಕಣಯ್ಯಾ!" ಎಂದರು. ಇದು ನಿಜವೋ ಚಟ್ನಿಯ ಖಾರವೋ, ನಾನು ವಿಚಾರಿಸಲಿಲ್ಲ.

ಅಂಚೆ ಮತದ ವಿದ್ಯೆಯನ್ನೂ ನನಗೆ ಧಾರೆಯೆರೆದರು. ಮತಪತ್ರಕ್ಕೆ ಗುರುತು ಹಾಕಿ ಚಿಕ್ಕ ಲಕೋಟೆಯೊಳಗಿಟ್ಟು ಅಂಟಿಸಬೇಕು. 'ಈ ಮತ ನನ್ನದೇ' ಎಂಬ ಘೋಷಣೆಗೆ ಅಧಿಕಾರಿಯೊಬ್ಬರ ಎದುರು ಸಹಿ ಮಾಡಿ, ಅವರಿಂದಲೂ ಸಹಿ ಹಾಕಿಸಬೇಕು. ಆ ಘೋಷಣೆ ಚಿಕ್ಕ ಲಕೋಟೆಯ ಒಳಗಲ್ಲ, ಹೊರಗೆ. ಎರಡೂ ಸೇರಿ ದೊಡ್ಡ ಲಕೋಟೆಯೊಳಗೆ. ಎಣಿಕೆ ಶುರುವಾಗುವ ಮುಂಚೆ ತಲುಪಬೇಕು, ಒಂದು ನಿಮಿಷ ತಡವಾದರೂ ಬಿಚ್ಚುವುದಿಲ್ಲ. ನಾನು ಕೆಲಸದ ಮೇಲೆ ಮೈಸೂರಿನಲ್ಲಿದ್ದಾಗ, ಮನೆಗೆ ಯಾವ ಬಣ್ಣ ಬಳಿಸಬೇಕೆಂಬ ಚುನಾವಣೆಗೆ ಇಷ್ಟೂ ಸರಂಜಾಮು ನನ್ನ ಲಾಡ್ಜಿಗೇ ಬಂತು! ಬಿಳಿಯೋ, ಗಿಳಿಹಸಿರೋ? ಬಿಳಿಗೆ ಹಾಕಿದೆ. ಆದರೆ ದಾರಿಯಲ್ಲಿ ಯಾರಾದರೂ ತಿದ್ದಿಬಿಟ್ಟರೆ? ಸುರಕ್ಷತೆಗಿರಲಿ ಎಂದು ಕೆಳಗೆ ಸಹಿ ಮಾಡಿದೆ.

ಮರಳಿ ಬಂದಾಗ ಭಾವನವರು ಬಾಗಿಲಲ್ಲೇ ನಿಂತಿದ್ದರು. "ಸಹಿ ಮಾಡಿದೀಯ. ಮತ ಯಾರದ್ದು ಅಂತ ಗೊತ್ತಾಗೋಯ್ತು. ತಿರಸ್ಕೃತ!"

"ಭಾವ, ಬರೀ ಒಂದು ಮತದಿಂದ—"

"ಬರೀ ಒಂದೇ ಮತದಿಂದಲೇ ಸೋತಿದ್ದು."

ಇವತ್ತಿಗೂ ಆ ಮನೆ ಗಿಳಿಹಸಿರು.

ಇಷ್ಟೆಲ್ಲ ನಿಯಮ ಬಲ್ಲವರಿಗೂ ಒಂದು ಕೊರತೆ ಇತ್ತು. ಮತದಾನದ ಮರುದಿನ ಬೀದಿಯ ಎಲ್ಲರ ಬೆರಳಿಗೂ ಮಸಿ. ಭಾವನವರದು ಮಾತ್ರ ಬೋಳು! ಹಾಲಿನವನು ಪ್ರತಿ ಸಲವೂ ಕ್ಯಾನು ಇಳಿಸಿ ಕೇಳುತ್ತಿದ್ದ: "ಏನ್ ಮೇಷ್ಟ್ರೇ, ಈ ಸಲಾನೂ ವೋಟ್ ಹಾಕ್ಲಿಲ್ವಾ? ಊರಿಗೆಲ್ಲ ಪಾಠ ಹೇಳ್ತೀರಿ!" ಭಾವನವರು ಚಿಕ್ಕ ಲಕೋಟೆಯಿಂದ ಆರಂಭಿಸಿ ದೊಡ್ಡ ಲಕೋಟೆ ಮುಟ್ಟುವಷ್ಟರಲ್ಲಿ ಅವನು ಮುಂದಿನ ಬೀದಿಯಲ್ಲಿರುತ್ತಿದ್ದ. ಅಕ್ಕನಿಗೆ ಬೇರೆಯದೇ ಸಂಕಟ. "ಎಲ್ಲಾರೂ ಜೋಡಿಯಾಗಿ ಹೋಗ್ತಾರೆ ಕಣೋ. ನಾನೊಬ್ಳೇ ಹೋಗ್ತೀನಿ. ನೋಡಿದೋರು ಏನಂದ್ಕೋಬೇಕು, ಗಂಡ ಬಿಟ್ಟೋಳು ಅಂತಲಾ?"

ಹೀಗಿರುವಾಗ ಭಾವನವರ ನಿವೃತ್ತಿಗೆ ಮುಂಚಿನ ಕೊನೆಯ ಚುನಾವಣೆ ಬಂತು. ಲೋಕಸಭೆ, ವಿಧಾನಸಭೆ ಎರಡೂ ಒಟ್ಟಿಗೆ. ಆ ಹೊತ್ತಿಗೇ ಅಕ್ಕ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಮಂಚದ ಮೇಲೆ ಮಲಗಿ, ಭಾವನವರು ತಮ್ಮ ಲಕೋಟೆಗಳಿಗೆ ಗೋಂದು ಹಚ್ಚುವುದನ್ನು ನೋಡಿದಳು.

"ರೀ, ಅದರ ಜೊತೇಲೇ ನಂದೂ ಕಳಿಸಿಬಿಡಿ."

"ಆಗಲ್ಲ ಕಣೇ. ಸೈನಿಕರಿಗೆ, ಚುನಾವಣಾ ಡ್ಯೂಟಿ ಮಾಡೋರಿಗೆ ಮಾತ್ರ ಅಂಚೆ ಮತ."

"ನಾನು ಈ ಮನೇಲಿ ಇಷ್ಟು ವರ್ಷ ಮಾಡಿದ್ದು ಡ್ಯೂಟಿ ಅಲ್ವಾ?"

ಭಾವನವರ ಗೋಂದಿನ ಬೆರಳು ಗಾಳಿಯಲ್ಲೇ ನಿಂತಿತು. ತಡವರಿಸಿ, "ಮುನ್ನೆಚ್ಚರಿಕೆಗೆ ಅಂತ ಬಂಧನದಲ್ಲಿ ಇಟ್ಟಿರೋರಿಗೂ ಕೊಡ್ತಾರೆ," ಎಂದರು.

"ಹಾಗಾದ್ರೆ ಪೊಲೀಸ್ರಿಗೆ ಹಿಡ್ಕೊಡಿ ನನ್ನ!"

ನಾನು ನಕ್ಕೆ. ಅಕ್ಕ ನಗಲಿಲ್ಲ. ಭಾವನವರು ಒಳಗೆ ಹೋದ ಮೇಲೆ ನನ್ನ ಕೈ ಹಿಡಿದಳು. "ಗ್ಯಾಸು ಅವರ ಹೆಸರಲ್ಲಿ, ಫೋನು ಅವರ ಹೆಸರಲ್ಲಿ. ಮನೆ ಇನ್ನೂ ನಮ್ಮ ಮಾವನ ಹೆಸರಲ್ಲೇ ಇದೆ. ನನ್ನ ಹೆಸರಲ್ಲಿರೋದು ಅದೊಂದು ವೋಟು ಕಣೋ. ಒಂದ್ಸಲಾನೂ ಬಿಟ್ಟಿಲ್ಲ. ನೀನು ಕರ್ಕೊಂಡು ಹೋಗ್ತೀಯಾ?"

ಅಗತ್ಯ ಬಿದ್ದರೆ ಸುತ್ತಿಗೆಯನ್ನೂ ತರುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಆ ಸಲ ಭಾವನವರನ್ನು ಮೀಸಲು ಸಿಬ್ಬಂದಿಗೆ ಹಾಕಿದ್ದರು. ಯಾರಾದರೂ ಕೈಕೊಟ್ಟರೆ ಬದಲಿಗೆ ಹೋಗಲು ಕಂಟೋನ್ಮೆಂಟಿನ ಕಾಲೇಜೊಂದರಲ್ಲಿ ಕಾದು ಕೂರುವ ಕೆಲಸ. ಹಿಂದಿನ ದಿನವೇ ಹೊರಟಿದ್ದರು. ಹೊರಡುವಾಗ ಅಕ್ಕನ ಪ್ಲಾಸ್ಟರನ್ನು ಒಮ್ಮೆ ನೋಡಿ, "ನಿಯಮದ ಪ್ರಕಾರ ಅಶಕ್ತರಿಗೆ ಕ್ಯೂ ಇಲ್ಲ," ಎಂದಷ್ಟೇ ಹೇಳಿದರಂತೆ. ಅವರ ಭಾಷೆಯಲ್ಲಿ ಅದು 'ಜೋಪಾನ' ಎಂದರ್ಥ.

ಮತದಾನದ ಬೆಳಿಗ್ಗೆ ಎದುರುಮನೆಯ ಸೆಲ್ವ ತನ್ನ ತಮ್ಮನ ಜೊತೆ ಬಂದು ಕುರ್ಚಿ ಎತ್ತಿದ.

"ಭಯ ಪಡಬೇಡಿ ಅಕ್ಕಾ, ಲಿಫ್ಟ್ ಮಾದಿರಿ ಹೋಗೋಣ."

"ಲಿಫ್ಟಲ್ಲಿ ಕರೆಂಟ್ ಹೋಗುತ್ತೆ ಕಣೋ ಸೆಲ್ವ!"

ರೇಷ್ಮೆ ಸೀರೆ, ಮುಡಿಯಲ್ಲಿ ಮಲ್ಲಿಗೆ, ಮುಂದಕ್ಕೆ ಚಾಚಿದ ಪ್ಲಾಸ್ಟರ್ ಕಾಲು. ನಮ್ಮಕ್ಕನ ಮೆರವಣಿಗೆ ಸರ್ಕಾರಿ ಶಾಲೆಯ ಮತಗಟ್ಟೆಗೆ ಹೊರಟಿತು. ಹಿಂದೆ ಚೀಲ ಹೊತ್ತ ನಾನು, ಪ್ರತಿ ಗುಂಡಿಗೂ "ಹುಷಾರು!" ಎನ್ನುತ್ತಾ. ಕ್ಯೂ ತಾನಾಗಿಯೇ ಸರಿಯಿತು. ಒಳಗೆ ಅಧಿಕಾರಿಣಿ ಪಟ್ಟಿ ನೋಡಿ ಅಕ್ಕನ ಹೆಸರನ್ನು ಗಟ್ಟಿಯಾಗಿ ಓದಿದರು. ಮನೆಯಲ್ಲಿ ಅವಳು ಅಕ್ಕ, ಅಮ್ಮ, 'ಕೇಳಿಸ್ತೇನೇ'. ಆ ಹೆಸರು ಕೇಳಿ ನನಗೇ ಒಂದು ಕ್ಷಣ ಯಾರದು ಎನಿಸಿತು. ಅವಳು ಮಾತ್ರ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಮರುಗಳಿಗೆ ಪಟ್ಟಿಯ ಮೇಲೆ ಕಣ್ಣು ಬಿದ್ದು ಗಾಬರಿಯಾದಳು.

"ಅಯ್ಯೋ, ನಮ್ಮೆಜಮಾನ್ರ ಹೆಸರಿಗೆ ಯಾಕೆ ಕೆಂಪು ಗುರುತು? ಏನಾಯ್ತು ಅವರಿಗೆ?"

"ಏನಾಗಿಲ್ಲಮ್ಮ, ಅಂಚೆ ಮತ ತಗೊಂಡಿದಾರೆ. ಇಲ್ಲಿ ಹಾಕೋ ಹಾಗಿಲ್ಲ, ಅಷ್ಟೇ."

ದಿಲ್ಲಿಯ ಯಂತ್ರ ಒಮ್ಮೆ ಕುಯ್ ಎಂದಿತು. ವಿಧಾನಸೌಧದ ಯಂತ್ರ ಇನ್ನೊಮ್ಮೆ. ಬೆರಳಿನ ಮಸಿ ಆಗಲೇ ಸೀರೆಗೆ ಒರೆಸಿಹೋಗಿದ್ದನ್ನು ಕಂಡು, ಅಧಿಕಾರಿಣಿ ಹೊರಡುವ ಮುಂಚೆ ಧಾರಾಳವಾಗಿ ಮತ್ತೊಮ್ಮೆ ಹಚ್ಚಿದರು. ಅದೇ ನಿಯಮ.

ಹೊರಗೆ ಬಂದು ನೋಡುತ್ತೇನೆ, ಶಾಲೆಯ ಗೇಟಿನ ಬಳಿ ಏದುಸಿರು ಬಿಡುತ್ತಾ ಭಾವನವರು!

"ಭಾವ! ಡ್ಯೂಟಿ ಬಿಟ್ಟು ಬಂದ್ರಾ?"

"ಛೆ! ಮೀಸಲಿನವರನ್ನ ಬಿಡುಗಡೆ ಮಾಡಿದ್ರು. ಆದೇಶ ಇದೆ," ಎಂದು ಜೇಬಿನಿಂದ ಕಾಗದ ತೆಗೆದರು.

"ಮತ್ತೆ ರೈಲ್ವೆ ಗೇಟು? ಈಗ್ತಾನೇ ಹಾಕಿದ ಸದ್ದು ಕೇಳಿಸ್ತು?"

ಭಾವನವರು ಅತ್ತ ತಿರುಗಿದರು. ಆಗ ಕಂಡಿತು. ಬಿಳಿ ಅಂಗಿಯ ಬೆನ್ನಿಗೆ ಅಡ್ಡಲಾಗಿ, ಗೇಟಿನ ಕಂಬಿಯ ಧೂಳು-ಗ್ರೀಸಿನ ಒಂದು ಉದ್ದನೆಯ ಪಟ್ಟೆ! ನನ್ನ ತಂಗಿಯ ಧಾರೆಗೂ ಬಗ್ಗದ ಬೆನ್ನು!

ಅಷ್ಟರಲ್ಲಿ ಸೆಲ್ವನ ಕಾಲು ಕಲ್ಲಿಗೆ ಎಡವಿತು. ಕುರ್ಚಿ ವಾಲಿತು. ಅಕ್ಕ ಕಿರುಚಿದಳು. ಭಾವನವರು ಒಂದೇ ನೆಗೆತಕ್ಕೆ ಬಂದು ಎಡಗೈ ಚಾಚಿದರು, ಅವಳು ಅದನ್ನು ಬಿಗಿಯಾಗಿ ಹಿಡಿದಳು. ಕುರ್ಚಿ ನಿಂತಿತು. ಕೈ ಬಿಟ್ಟಾಗ ಅವರ ತೋರುಬೆರಳಿನ ಮೇಲೆ ದಪ್ಪನೆಯ, ಹಸಿ ಹಸಿಯಾದ ಮಸಿ!

"ಅಯ್ಯಯ್ಯೋ! ನನ್ಗೆ ಮಸಿ! ನಾನು ಅಂಚೆ ಮತದಾರ ಕಣೇ!" ಅವರ ಮುಖ ಸುಣ್ಣದಂತಾಯಿತು. "ಇದು ಕ್ರಮಬದ್ಧ ಅಲ್ಲ. ಒಳಗೆ ಹೋಗಿ ಹೇಳಿಕೆ ಬರೆದುಕೊಡ್ತೀನಿ."

"ಕರ್ಚೀಫಲ್ಲಿ ಒರೆಸ್ಕೊಳ್ಳಿ ರೀ, ಇನ್ನೂ ಒಣಗಿಲ್ಲ," ಎಂದಳು ಅಕ್ಕ, ಅಪರಾಧಿಯಂತೆ.

ಭಾವನವರು ಕರ್ಚೀಫು ತೆಗೆದರು. ಬೆರಳನ್ನು ನೋಡಿದರು. ಪಕ್ಕದಲ್ಲಿದ್ದ ಅಕ್ಕನ ಬೆರಳನ್ನು ನೋಡಿದರು. ಸಾವಿರಾರು ಜನರಿಗೆ ಮಸಿ ಹಚ್ಚಿದ ಕೈ ಅದು. ಕರ್ಚೀಫನ್ನು ಮಡಿಚಿ, ನಿಧಾನವಾಗಿ ಜೇಬಿಗೆ ಹಾಕಿಕೊಂಡು, ಕುರ್ಚಿಯ ಒಂದು ಬದಿಯನ್ನು ತಾವೇ ಹಿಡಿದರು.

ಬೀದಿಯ ತಿರುವಿನಲ್ಲಿ ಹಾಲಿನವನು ಸಿಕ್ಕಿದ. ಅವನ ಕಣ್ಣು ನೇರವಾಗಿ ಆ ಬೆರಳಿಗೇ ಹೋಯಿತು.

"ಓಹೋ! ಅಂತೂ ಈ ಸಲ ವೋಟ್ ಹಾಕಿದ್ರಿ ಮೇಷ್ಟ್ರೇ!"

ನಾನು ಚೀಲ ಕೆಳಗಿಟ್ಟು ಕಾದು ನಿಂತೆ. ಇನ್ನು ಚಿಕ್ಕ ಲಕೋಟೆ ಬರುತ್ತದೆ, ಆಮೇಲೆ ದೊಡ್ಡದು, ಆಮೇಲೆ ಘೋಷಣೆ.

ಭಾವನವರು ಅಕ್ಕನ ಸೀರೆಯ ಸೆರಗು ನೆಲಕ್ಕೆ ತಾಗದಂತೆ ಎತ್ತಿ ಅವಳ ಮಡಿಲಿಗೆ ಹಾಕಿದರು.

"ಹೂಂ," ಎಂದರು. "ಇಬ್ರೂ ಹೋಗಿದ್ವಿ."