ಕಾಕಾನ ವ್ಯಾನಿಗೆ ಬಿಸಿಗಾಳಿ

ಬೇಸಿಗೆಯಲ್ಲಿ ಊರೆಲ್ಲ ಫ್ಯಾನಿನ ಕೆಳಗೆ ಬಿದ್ದುಕೊಂಡಿರುವಾಗ, ತನ್ನ ಗಾಡಿಯೊಳಗೆ ಸೆಕೆ ಸಾಲದೆಂದು ಹುಬ್ಬಳ್ಳಿ-ಧಾರವಾಡದ ಗ್ಯಾರೇಜುಗಳನ್ನೆಲ್ಲ ಸುತ್ತಿದವನು ಯಾರಾದರೂ ಇದ್ದರೆ ಅವನು ನಮ್ಮ ಕಾಕಾ ಒಬ್ಬನೇ!

ಕಾಕಾ ಧಾರವಾಡದಲ್ಲಿ ಡ್ರಾಯಿಂಗ್ ಮಾಸ್ತರ. ತೊಂಬತ್ತರ ದಶಕದಲ್ಲಿ, ಗೋವಾದಲ್ಲಿ ವಿದೇಶಿಯೊಬ್ಬ ಬಿಟ್ಟುಹೋದ ಹಳೇ ವ್ಯಾನೊಂದನ್ನು ಕೊಂಡು ತಂದಿದ್ದ. ಒಳಗೇ ಹಾಸಿಗೆ, ಒಳಗೇ ಒಲೆ. ಎಂಜಿನ್ ಮಾತ್ರ ಹಿಂಬದಿಗೆ. ಪ್ರತಿ ಮಳೆಗಾಲದಲ್ಲೂ ಅವನ ಹೆಂಡತಿ ಕಾಕುವಿನ ಅಕ್ಕನ ಮನೆಗೆಂದು ಕಾರವಾರಕ್ಕೆ ಹೊರಟರೆ, ಘಟ್ಟದಲ್ಲಿ ಮುಂದಿನ ಗಾಜಿಗೆ ಒಳಗಿನಿಂದ ಹಬೆ ಕಟ್ಟುತ್ತಿತ್ತು. ಕಾಕು ಪಕ್ಕದಲ್ಲಿ ಕೂತು ಹಳೇ ಧೋತರದ ಚೂರಿನಿಂದ ಒರೆಸುತ್ತಲೇ ಇರಬೇಕು. ಒಮ್ಮೆ ಅವಳು ಆಕಳಿಸಿದ ಹೊತ್ತಿನಲ್ಲೇ ವ್ಯಾನು ರಸ್ತೆಯಂಚಿನ ಕಲ್ಲುಕಟ್ಟೆಗೆ ತಾಗಿ ನಿಂತಿತು. ಅದರಾಚೆ ಪ್ರಪಾತ. ಅಂದಿನಿಂದ ಕಾಕಾ ಗಾಜಿನ ಬೆನ್ನು ಹತ್ತಿದ.

ಬಟಾಟೆ ತಿಕ್ಕಿದರೆ ಹಬೆ ಕಟ್ಟುವುದಿಲ್ಲವೆಂದು ಯಾರೋ ಹೇಳಿದರು. ತಿಕ್ಕಿದ. ಹಬೆಯ ಜೊತೆಗೆ ನೊಣಗಳೂ ಬಂದವು.

"ನಾಳೆ ಉಳ್ಳಾಗಡ್ಡಿನೂ ತಿಕ್ಕರಿ, ಒಗ್ಗರಣಿ ನಾ ಹಾಕತೇನಿ" ಅಂದಳು ಕಾಕು.

ಕಡೆಗೆ ಹಳೇ ಹುಬ್ಬಳ್ಳಿಯ ಮಿಸ್ತ್ರಿಯೊಬ್ಬರು ವ್ಯಾನಿನ ಕೆಳಗೆ ಮಲಗಿ ನೋಡಿದರು. ಎಂಜಿನ್ನಿನ ಬಿಸಿಗಾಳಿಯನ್ನು ಗಾಜಿಗೆ ತರುವ ಕೊಳವೆ ತುಕ್ಕು ಹಿಡಿದು ಜರಡಿಯಾಗಿತ್ತು.

"ಮಾಸ್ತರ, ನಿಮ್ಮ ಬಿಸಿಗಾಳಿ ಎಲ್ಲಾ ರಸ್ತಾದ ಪಾಲಾಗೇತ್ರಿ."

ಹೊಸ ಕೊಳವೆ ಕೂಡಿಸಿದರು. ಗಾಳಿ ದೂಡಲು ಸಣ್ಣದೊಂದು ಫ್ಯಾನು. ಬಿಸಿ ಆರದಿರಲೆಂದು ಕಾಕಾ ಮನೆಯ ಕಂಬಳಿ ಹರಿದು ಕೊಳವೆಗೆ ಸುತ್ತಿದ. ಪರೀಕ್ಷೆಗೆ ಆರಿಸಿಕೊಂಡದ್ದು ಮೇ ತಿಂಗಳು! ಗದಗಿನ ಮದುವೆಗೆ ನಮ್ಮನ್ನೆಲ್ಲ ಹತ್ತಿಸಿಕೊಂಡ. ಅಣ್ಣಿಗೇರಿ ದಾಟುವುದರೊಳಗೆ ಬಿಸಿಗಾಳಿಯ ಹಿಡಿಕೆ ಸಿಕ್ಕಿಕೊಂಡಿತು; ಏನು ಮಾಡಿದರೂ ಮುಚ್ಚಲಿಲ್ಲ. ಮದುವೆ ಮನೆಯವರು ನಮಗೆ ನೀರು ಕೊಟ್ಟದ್ದು ಕಾಲಿಗಲ್ಲ, ತಲೆಗೆ.

"ಕೆಲಸ ಮಾಡಿದ್ರ ಹಿಂಗ ಮಾಡಬೇಕು ನೋಡ್ರಿ" ಎಂದ ಕಾಕಾ, ಬೆವರು ಹಿಂಡಿಕೊಳ್ಳುತ್ತ.

ಹಿಡಿಕೆ ರಿಪೇರಿಯಾಯಿತು. ಆ ಶ್ರಾವಣದಲ್ಲಿ ಘಟ್ಟ ಇಳಿಯುವಾಗ ನಾನೂ ಹಿಂದಿನ ಹಾಸಿಗೆಯ ಮೇಲಿದ್ದೆ. ಮಳೆಗೆ ಲಾರಿಗಳು ಬದಿ ಹಿಡಿದು ನಿಂತಿದ್ದವು. ಕಾಕಾ ಹಿಡಿಕೆ ಎಳೆದ. ಗಾಜಿನ ಕೆಳಗೆ ಎರಡು ಅರ್ಧಚಂದ್ರ ಮೂಡಿ, ಹಿಗ್ಗಿ, ಒಂದಾಗಿ ರಸ್ತೆ ಕಂಡಿತು. ಬಸ್ಸೊಂದು ನಮ್ಮ ಕೆಂಪು ದೀಪವನ್ನೇ ನಂಬಿ ಹಿಂಬಾಲಿಸಿತು. ನಡುವಿನ ಚಹಾದಂಗಡಿಯಲ್ಲಿ ಅದರ ಡ್ರೈವರ್ ಇಳಿದು ಬಂದ.

"ನಿಮ್ಮ ಗಾಜಿಗೆ ಏನು ಮಾಡೀರಿ ಯಜಮಾನ್ರ?"

"ಕಂಬಳಿ ಹೊಚ್ಚೇನಿ" ಎಂದ ಕಾಕಾ, ಮಹಾರಾಜನ ಗತ್ತಿನಲ್ಲಿ.

ಮತ್ತೆ ಹೊರಟೆವು. ಒರೆಸುವ ಕೆಲಸವಿಲ್ಲದೆ ಕಾಕು ಖಾಲಿ ಕೈಯಲ್ಲಿ ಕೂತಿದ್ದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.

"ಅಲ್ರೀ, ಈ ದಾರ್ಯಾಗ ಇಷ್ಟೊಂದು ನೀರು ಧುಮುಕತಾವೇನು? ಇಷ್ಟು ವರ್ಷ ಬಂದೇನಿ, ಒಂದೂ ಕಂಡಿದ್ದಿಲ್ಲ."

ಕಾಕಾನ ಮುಖದ ಗೆಲುವು ತಟ್ಟನೆ ಇಳಿಯಿತು. ವ್ಯಾನನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ. ಅವಳ ಕಾಲಿಗೆ ಥಂಡಿಯಾಗದಿರಲೆಂದು ಎಂಜಿನ್ ಮಾತ್ರ ಆರಿಸಲಿಲ್ಲ.

"ಸಾವಕಾಶ ನೋಡು" ಎಂದ. "ಅಕ್ಕನ ಮನಿ ಎಲ್ಲಿ ಓಡಿ ಹೋಗತೈತಿ."