ಸಾಹೇಬರು ಕಂಪ್ಯೂಟರನ್ನು ಮೇಲ್ದರ್ಜೆಗೇರಿಸಿದ್ದು

“ಈ ಮನೆಯಲ್ಲಿ ಇನ್ನು ಮೇಲೆ ಬಾಕಿ ಅನ್ನೋ ಮಾತೇ ಇರಬಾರದು,” ಎಂದು ಸಾಹೇಬರು ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಘೋಷಿಸಿದರು. ಘೋಷಣೆ ಕೇಳಲು ಸೇರಿದ್ದ ಮಹಾಸಭೆಯಲ್ಲಿ ಇದ್ದವಳು ಅವರ ಹೆಂಡತಿ ಒಬ್ಬಳೇ. ಅವಳೂ ಬೆನ್ನು ತಿರುಗಿಸಿಕೊಂಡು ಪಾತ್ರೆ ತೊಳೆಯುತ್ತಿದ್ದಳು.

‘ಸಾಹೇಬರು’ ಎನ್ನುವುದು ಅವಳೇ ಕೊಟ್ಟ ಬಿರುದು. ಕಚೇರಿಯಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಅಲ್ಲಿ ಅವರು ನೀರು ಸರಬರಾಜು ವಿಭಾಗದ ಸೂಪರಿಂಟೆಂಡೆಂಟರು. ಅವರ ಮೇಜಿನ ಮೇಲೆ ಯಾವ ಕಡತವೂ ಮೂರು ದಿನಕ್ಕಿಂತ ಹೆಚ್ಚು ಉಳಿದ ದಾಖಲೆಯಿಲ್ಲ. ನಾಲ್ಕನೆಯ ದಿನ ಅದು ಬೇರೊಬ್ಬರ ಮೇಜಿಗೆ ಹೋಗಿರುತ್ತದೆ. ಇಂಥ ಕರ್ಮಯೋಗಿಯ ಮನೆಯ ಕಂಪ್ಯೂಟರು ಎರಡು ತಿಂಗಳಿಂದ ಮೂಲೆಯಲ್ಲೊಂದು ಚೌಕ ತೆರೆದು, ‘ಹೊಸ ಆಪರೇಟಿಂಗ್ ಸಿಸ್ಟಂ ಸಿದ್ಧವಿದೆ’ ಎಂದು ಗೋಗರೆಯುತ್ತಿತ್ತು. ಹೆಂಡತಿ ದಿನಾ ಅದಕ್ಕೆ ‘ಆಮೇಲೆ’ ಎಂದು ಉತ್ತರ ಕೊಟ್ಟು ತನ್ನ ಕೆಲಸ ನೋಡಿಕೊಳ್ಳುತ್ತಿದ್ದಳು. ಬಾಕಿ ಉಳಿದ ಅರ್ಜಿಯೊಂದು ತಮ್ಮ ಸೂರಿನಡಿಯಲ್ಲೇ ಇರುವುದು ಸಾಹೇಬರಿಗೆ ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿಕೊಂಡಂತಾಗಿತ್ತು.

ಹೆಂಡತಿಯ ಕೆಲಸವೂ ಸಾಮಾನ್ಯದ್ದಲ್ಲ. ಒಂದು ವಾರಪತ್ರಿಕೆಗೆ ಅವಳು ಪದಬಂಧ ರಚಿಸಿ ಕಳಿಸುತ್ತಾಳೆ. ಹನ್ನೊಂದು ವರ್ಷ, ಪ್ರತಿ ಶನಿವಾರ, ಸಂಜೆ ನಾಲ್ಕು ಗಂಟೆಯೊಳಗೆ. ಜ್ವರ ಬಂದಾಗಲೂ ತಪ್ಪಿಸಿಲ್ಲ, ಮನೆ ಬದಲಾಯಿಸಿದ ದಿನ ಅಕ್ಕಿ ಡಬ್ಬದ ಮೇಲೆ ಕೂತು ಕಳಿಸಿದ್ದಳು. ಈ ವಾರದ್ದೂ ಮುಗಿದು ಕಂಪ್ಯೂಟರಿನೊಳಗೆ ತಣ್ಣಗೆ ಕುಳಿತಿತ್ತು. ಕೊನೆಯ ಸಲ ಒಮ್ಮೆ ಕಣ್ಣಾಡಿಸಿ ಕಳಿಸುವುದಷ್ಟೇ ಬಾಕಿ.

“ನಾಲ್ಕು ಗಂಟೆ ಆದ ಮೇಲೆ ಏನು ಬೇಕಾದ್ರೂ ಮಾಡ್ಕೊಳ್ಳಿ,” ಎಂದಳು. “ಇಲ್ಲಾಂದ್ರೆ ನನ್ನ ತಮ್ಮನ್ನ ಕರೀತೀನಿ.”

ಅಷ್ಟು ಸಾಕಾಯಿತು. ಅವಳ ತಮ್ಮ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಯಾವ ಕೆಲಸಕ್ಕೆ ಬಂದರೂ ಅವನು, “ಭಾವ, ನೀವು ಸ್ವಲ್ಪ ಕೈ ತೆಗೀರಿ,” ಎಂದೇ ಶುರು ಮಾಡುತ್ತಾನೆ. ಸಾಹೇಬರು ಬೇರೆ ಏನನ್ನಾದರೂ ಸಹಿಸಿಯಾರು, ಕೈ ತೆಗೆಯುವುದನ್ನು ಸಹಿಸರು. ಹೆಂಡತಿ ಬಟ್ಟೆ ಒಣಹಾಕಲು ತಾರಸಿಗೆ ಹೋದದ್ದೇ ತಡ, ಚೌಕದ ಮೇಲೆ ಒತ್ತಿಯೇಬಿಟ್ಟರು.

ಒಪ್ಪಿಕೊಳ್ಳಬೇಕಾದ ಮಾತೆಂದರೆ, ಮೇಲ್ದರ್ಜೆಗೇರುವ ಕೆಲಸ ಸೊಗಸಾಗಿಯೇ ಆಯಿತು. ಎರಡು ಗಂಟೆ ತೆರೆಯ ಮೇಲೆ ಒಂದು ಚಕ್ರ ತಿರುಗಿತು, ಸಾಹೇಬರು ಅದರ ಎದುರು ಕೈಕಟ್ಟಿ ಕೂತು ತಾವೇ ತಿರುಗಿಸುತ್ತಿರುವವರಂತೆ ಮುಖ ಮಾಡಿದ್ದರು. ಬಟ್ಟೆ ಒಣಹಾಕಿ ಕೆಳಗಿಳಿದ ಹೆಂಡತಿ ಆ ಚಕ್ರವನ್ನು ಕಂಡು, ಗಡಿಯಾರವನ್ನು ನೋಡಿ, ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡುತ್ತ ಜೋಡಿಸತೊಡಗಿದಳು. ಆ ಸದ್ದಿನ ಅರ್ಥ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಯಾವ ಗಂಡಸಿಗೂ ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಯಂತ್ರ ಹೊಸ ಪಾಸ್‌ವರ್ಡ್ ಕೇಳಿತು. ಸಾಹೇಬರು ಕೊಟ್ಟದ್ದನ್ನು ‘ದುರ್ಬಲ’ ಎಂದಿತು. ಎರಡನೆಯದನ್ನೂ ದುರ್ಬಲ ಎಂದಿತು. ಸಾಹೇಬರ ಪೌರುಷ ಕೆರಳಿತು. ತಮ್ಮ ಕಚೇರಿಯ ಅತ್ಯಂತ ಹಳೆಯ ಪೈಪ್‌ಲೈನ್ ವ್ಯಾಜ್ಯದ ಕಡತದ ಸಂಖ್ಯೆ, ನಡುವೆ ಎರಡು ಓರೆಗೆರೆ, ಕೊನೆಗೊಂದು ನಕ್ಷತ್ರ, ಹೀಗೆ ಹತ್ತೊಂಬತ್ತು ಚಿಹ್ನೆಗಳ ಕೋಟೆಯನ್ನೇ ಕಟ್ಟಿದರು. ‘ಅತ್ಯಂತ ಪ್ರಬಲ’ ಎಂದು ಯಂತ್ರ ಶಿರಬಾಗಿತು. ಇದನ್ನು ಕಾಗದದ ಮೇಲೆ ಬರೆದಿಟ್ಟರೆ ಕಳ್ಳರ ಕೈಗೆ ಸಿಕ್ಕೀತು ಎಂದು ಮುಂದಾಲೋಚನೆಯಿಂದ ಅದನ್ನು ಕಂಪ್ಯೂಟರಿನಲ್ಲೇ ಟೈಪು ಮಾಡಿ, ‘ಗೌಪ್ಯ’ ಎಂದು ಹೆಸರು ಕೊಟ್ಟು ಭದ್ರಪಡಿಸಿದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಸಾಹೇಬರು ಸಾಹೇಬರಾಗುತ್ತಿರಲಿಲ್ಲ. ಹೊಸ ವ್ಯವಸ್ಥೆಯಲ್ಲಿ ಅಕ್ಷರಗಳು ಇರುವೆಗಳಷ್ಟು ಸಣ್ಣಗೆ ಕಾಣುತ್ತಿದ್ದವು. ದೊಡ್ಡದು ಮಾಡಲು ಹೋದಾಗ ‘ಸೌಲಭ್ಯಗಳು’ ಎಂಬ ಪಟ್ಟಿ ತೆರೆಯಿತು. ಪುಕ್ಕಟೆ ಸಿಗುವ ಸೌಲಭ್ಯವನ್ನು ಬಿಡುವುದುಂಟೇ? ಎಲ್ಲಕ್ಕೂ ಗುರುತು ಹಾಕಿದರು. ಅಕ್ಷರಗಳು ಅಂಗಡಿಯ ಬೋರ್ಡಿನಷ್ಟು ದೊಡ್ಡವಾದವು. ಬಾಣದ ಗುರುತು ಹಳದಿಯಾಯಿತು. ಜೊತೆಗೆ ಕಂಪ್ಯೂಟರಿಗೆ ಬಾಯಿ ಬಂತು.

ಸುದ್ದಿ ಓದುವ ಹೆಂಗಸಿನ ದನಿ. ಸಾಹೇಬರು ಎಲ್ಲಿ ಒತ್ತಿದರೂ ಅದನ್ನು ಮನೆಗೆಲ್ಲ ಕೇಳುವಂತೆ ವರದಿ ಮಾಡುತ್ತಿತ್ತು. “ಪ್ರಿಂಟರ್ ಕಂಡುಬರುತ್ತಿಲ್ಲ.” “ನೀವು ಒತ್ತಿದ್ದು ಸರಿಯಲ್ಲ.” “ನೀವು ಒತ್ತಿದ್ದು ಸರಿಯಲ್ಲ.”

“ಯಾರ್ರೀ ಅವಳು?” ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದಳು. “ಇಷ್ಟು ಬೇಗ ನಿಮ್ಮನ್ನ ಅರ್ಥ ಮಾಡ್ಕೊಂಡಿದ್ದಾಳೆ.”

ದನಿಯ ಬಾಯಿ ಮುಚ್ಚಿಸಲು ಸಾಹೇಬರಿಗೆ ತಿಳಿದಿದ್ದ ಉಪಾಯ ಒಂದೇ, ಆರಿಸಿ ಮತ್ತೆ ಹಚ್ಚುವುದು. ಆರಿಸಿದರು, ಹಚ್ಚಿದರು. ಬಾಯಿ ಹೋಗಲಿಲ್ಲ. ಅದು ಮೊದಲಿಗಿಂತ ಉತ್ಸಾಹದಿಂದ, “ದಯವಿಟ್ಟು ಪಾಸ್‌ವರ್ಡ್ ನೀಡಿ,” ಎಂದಿತು. ಕಡತದ ಸಂಖ್ಯೆ ನೆನಪಿತ್ತು. ಓರೆಗೆರೆಗಳನ್ನು ಎಲ್ಲೆಲ್ಲಿ ಹಾಕಿದ್ದೆನೋ ನೆನಪಿರಲಿಲ್ಲ. ಆದರೆ ಅದನ್ನು ಎಲ್ಲಿ ಬರೆದಿಟ್ಟಿದ್ದೇನೆ ಎನ್ನುವುದು ಮಾತ್ರ ಚೆನ್ನಾಗಿ ನೆನಪಿತ್ತು. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆಗೆ ಬೀಗ ಹಾಕಿದ ಮಹಾನುಭಾವರು ಕುರ್ಚಿಯಲ್ಲಿ ಕುಸಿದರು.

ಮೂರು ಗಂಟೆಯ ಹೊತ್ತಿಗೆ ಹೆಂಡತಿ ಬಂದು ಪಕ್ಕದಲ್ಲಿ ನಿಂತಳು. ಸಾಹೇಬರು ಪರಿಸ್ಥಿತಿಯನ್ನು ಕಚೇರಿ ಭಾಷೆಯಲ್ಲಿ, ಕರ್ಮಣಿ ಪ್ರಯೋಗದಲ್ಲಿ, ಯಾರು ಮಾಡಿದರೆಂದು ತಿಳಿಯದಂತೆ ವಿವರಿಸಿದರು. ಪಾಸ್‌ವರ್ಡ್ ಬದಲಾಯಿಸಲ್ಪಟ್ಟಿದೆ, ಮರೆಯಲ್ಪಟ್ಟಿದೆ, ಇತ್ಯಾದಿ. ಅವಳು ಪದಬಂಧವನ್ನು ನೆನಪಿನಿಂದಲೇ ಮತ್ತೆ ಬರೆಯಲು ಸ್ಕೇಲು, ಪೆನ್ಸಿಲು ಹಿಡಿದು ಕೂತಳು. ಚೌಕಗಳೇನೋ ಬಂದವು. ಅರವತ್ತೆರಡು ಸುಳಿವುಗಳಲ್ಲಿ ಹದಿನಾಲ್ಕು ಬರೆಯುವಷ್ಟರಲ್ಲಿ ಮೂರೂ ಇಪ್ಪತ್ತಾಯಿತು. ಪೆನ್ಸಿಲು ಕೆಳಗಿಟ್ಟಳು.

“ಹನ್ನೊಂದು ವರ್ಷ ಕಣ್ರೀ,” ಎಂದಳು. ಬೈದಿದ್ದರೆ ಸಾಹೇಬರಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಅವಳು ಫೋನು ತೆಗೆದುಕೊಂಡು ಹಜಾರಕ್ಕೆ ಹೋಗಿ ತಮ್ಮನಿಗೆ ಕರೆ ಮಾಡಿದಳು. ಈ ಸಲ ಸಾಹೇಬರು ತಡೆಯಲಿಲ್ಲ. ಅವನು ಊರಾಚೆ ಯಾರದೋ ಅಂಗಡಿಯಲ್ಲಿದ್ದ, ಬರಲು ಎರಡು ಗಂಟೆಯಾದರೂ ಬೇಕು. ಅಕ್ಕನಿಗೆ ಏನೇನೋ ಹೇಳಿಕೊಟ್ಟ. ಭಾವನಿಗೆ ಕಳಿಸಿದ ಸಂದೇಶ ಒಂದೇ: ಕೆಳಗೆ ‘ಪಾಸ್‌ವರ್ಡ್ ಮರೆತಿರಾ?’ ಅಂತ ಇದೆ, ಅದನ್ನು ಒತ್ತಿ; ಕಂಪ್ಯೂಟರು ಕೊಂಡಾಗ ನೀವೇ ಒಂದು ಗುಪ್ತ ಪ್ರಶ್ನೆಗೆ ಉತ್ತರ ಕೊಟ್ಟಿರುತ್ತೀರಿ; ಅದನ್ನೇ ಕೊಡಿ. ಮೂರು ಅವಕಾಶ. ಮೂರೂ ತಪ್ಪಿದರೆ ಒಂದು ದಿನ ಬಾಗಿಲು ಬಂದ್.

ಒತ್ತಿದರು. ದನಿ ಗಂಟಲು ಸರಿಮಾಡಿಕೊಂಡಂತೆ ಒಂದು ಕ್ಷಣ ತಡೆದು, ಮನೆಗೆಲ್ಲ ಕೇಳಿಸಿತು: “ನಿಮ್ಮ ಸಂಗಾತಿಯನ್ನು ನೀವು ಮೊದಲು ಭೇಟಿಯಾದ ಸ್ಥಳ ಯಾವುದು?”

ಸಾಹೇಬರ ಮುಖ ಅರಳಿತು. ಇಷ್ಟೇ ತಾನೇ! “ಬಸ್ಸು” ಎಂದು ಟೈಪು ಮಾಡುತ್ತ, ತುಂಬಿದ ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟದ್ದನ್ನೂ, ಆಕೆ ಕಿಟಕಿಯಿಂದ ತಿರುಗಿ ನೋಡಿ ನಕ್ಕದ್ದನ್ನೂ ಹೆಂಡತಿಗೆ ಭಾವುಕರಾಗಿ ನೆನಪಿಸಿದರು.

“ಉತ್ತರ ತಪ್ಪಾಗಿದೆ,” ಎಂದಿತು ದನಿ.

“ತಪ್ಪೇ,” ಎಂದಳು ಹೆಂಡತಿ. “ನಾನು ಬಸ್ಸಿಗೇ ಹೋಗ್ತಿರಲಿಲ್ಲ. ನಮ್ಮ ಮನೆ ಎದುರಿಗೇ ಕಾಲೇಜು. ಕಿಟಕಿ ಪಕ್ಕದಲ್ಲಿ ನಕ್ಕವಳು ಯಾರು ಅಂತ ಆಮೇಲೆ ಮಾತಾಡೋಣ.”

ಎರಡನೆಯ ಉತ್ತರವನ್ನು ಅವಳೇ ಹೇಳಿಕೊಟ್ಟಳು. ಗ್ರಂಥಾಲಯ. ಅವಳು ಪೆನ್ಸಿಲಿನಲ್ಲಿ ಪದಬಂಧ ತುಂಬಿಸುತ್ತ ಕೂತಿದ್ದಳು. ಪಕ್ಕದಲ್ಲಿ ಕೂತ ಅಪರಿಚಿತ ಕೇಳದೆಯೇ ಬಗ್ಗಿ ಅಡ್ಡಸಾಲಿನ ಹನ್ನೆರಡನೆಯ ಸುಳಿವಿಗೆ ಉತ್ತರ ಬರೆದುಬಿಟ್ಟ. ಪೆನ್ನಿನಲ್ಲಿ. ತಪ್ಪು ಉತ್ತರ. ಹೇಳುವಾಗ ಅವಳ ದನಿ ತುಸು ಮೆತ್ತಗಾಯಿತು. ಸಾಹೇಬರು ‘ಗ್ರಂಥಾಲಯ’ ಎಂದು ಒಂದೊಂದೇ ಅಕ್ಷರ ಎಚ್ಚರದಿಂದ ಒತ್ತಿದರು.

“ಉತ್ತರ ತಪ್ಪಾಗಿದೆ. ಒಂದು ಅವಕಾಶ ಉಳಿದಿದೆ.”

ಮೆತ್ತಗಾಗಿದ್ದ ಹೆಂಡತಿಯ ದನಿ ಮತ್ತೆ ಗಟ್ಟಿಯಾಯಿತು. ಗ್ರಂಥಾಲಯವಲ್ಲದೆ ಇನ್ನೇನು ಬರೆದಿದ್ದೀರಿ ಎಂದು ಕೇಳಿದಳು. ಸಾಹೇಬರು ಕಣ್ಣುಮುಚ್ಚಿ ಆ ದಿನವನ್ನು ನೆನಪಿಸಿಕೊಳ್ಳಲು ಹೊರಟರು. ಕಂಪ್ಯೂಟರು ಬಂದ ದಿನ. ಹೆಸರು, ವಯಸ್ಸು, ಊರು, ಸಂಗಾತಿ, ಸ್ಥಳ... ಒಂದಾದ ಮೇಲೊಂದು ಕಾಲಂ. ಕಾಲಂ ಎಂದೊಡನೆ ತಟ್ಟನೆ ಕಣ್ಣು ತೆರೆದರು. ಇಪ್ಪತ್ತಾರು ವರ್ಷ ಅರ್ಜಿಗಳ ನಡುವೆ ಬಾಳಿದ ಅವರ ಕೈಗೆ ಒಂದು ಚಟವಿತ್ತು. ಉತ್ತರ ಯೋಚಿಸಲು ಬೇಸರವೆನಿಸಿದ ಯಾವ ಕಾಲಮ್ಮಿಗೂ ಆ ಕೈ ಒಂದೇ ಪದ ತುಂಬಿಸಿ ಮುಂದೆ ಹೋಗುತ್ತಿತ್ತು.

ಗಂಟೆ ಮೂರೂ ನಲವತ್ತೆರಡು. ಉತ್ತರ ಕೊಟ್ಟರೆ ಸಂಸಾರ ಹೋಯಿತು, ಕೊಡದಿದ್ದರೆ ಪದಬಂಧ ಹೋಯಿತು.

“ಒಂದು ಲೋಟ ನೀರು ತರ್ತೀಯಾ? ಬಾಯಿ ಒಣಗ್ತಿದೆ,” ಎಂದರು.

ಅವಳು ಎದ್ದು ಹೋದಳು. ಸಾಹೇಬರು ಕೀಲಿಮಣೆಯ ಮೇಲೆ ಬಗ್ಗಿದರು. ತೆರೆಯ ಮೇಲೆ ಬರೀ ಚುಕ್ಕಿಗಳು ಮೂಡುತ್ತವೆ, ಯಾರಿಗೂ ಕಾಣುವುದಿಲ್ಲ ಎಂಬ ಧೈರ್ಯವಿತ್ತು. ಮೊದಲ ಅಕ್ಷರ ಒತ್ತಿದ ಮೇಲೆಯೇ ಅವರಿಗೆ ದನಿಯ ನೆನಪಾದದ್ದು. ನಿಲ್ಲಿಸುವಂತಿರಲಿಲ್ಲ.

“ಅ,” ಎಂದಿತು ಸುದ್ದಿಯವಳು. “ನ್ವ. ಯಿ. ಸು. ವು. ದಿ. ಲ್ಲ.” ಆಮೇಲೆ ಯಾರಿಗಾದರೂ ಕೇಳಿಸದೇ ಹೋಗಿದ್ದರೆ ಎಂಬಂತೆ ಒಟ್ಟುಗೂಡಿಸಿ ಓದಿತು: “ಅನ್ವಯಿಸುವುದಿಲ್ಲ. ಉತ್ತರ ಸರಿಯಾಗಿದೆ. ಸ್ವಾಗತ.”

ಹೆಂಡತಿ ನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಏಳಕ್ಷರ,” ಎಂದಳು. ವೃತ್ತಿಯವಳು, ಎಣಿಸಿದ್ದಳು.

ಸಾಹೇಬರು ಕಚೇರಿಯ ಪದ್ಧತಿ, ಕಾಲಮ್ಮುಗಳ ಹಾವಳಿ, ಆ ದಿನ ಬಂದಿದ್ದ ತಲೆನೋವು, ಎಲ್ಲವನ್ನೂ ಒಂದೇ ಉಸಿರಿಗೆ ನಿವೇದಿಸಿದರು. ಅವಳು ಕೇಳಿಸಿಕೊಂಡಳೋ ಇಲ್ಲವೋ, ಲೋಟದ ನೀರನ್ನು ತಾನೇ ಕುಡಿದು ಕುರ್ಚಿಯ ಹಿಂದೆ ಬಂದು ನಿಂತಳು. ಅಷ್ಟೇ. ಸಾಹೇಬರು ಯಾರೂ ಹೇಳದೆಯೇ ಕೈ ತೆಗೆದರು, ಮೈಯನ್ನೂ ತೆಗೆದರು.

ಅವಳು ಕೂತು ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿದಳು. ದನಿ ಅಲ್ಲಿಗೇ ನಿಂತಿತು.

“ಇದು ನಿನಗೆ ಗೊತ್ತಿತ್ತಾ?”

“ಆಗಲೇ ತಮ್ಮ ಹೇಳಿಕೊಟ್ಟ. ಇರಲಿ, ಪಾಪ ಅವಳೂ ಮಾತಾಡಲಿ ಅಂತ ಬಿಟ್ಟಿದ್ದೆ.”

ಪದಬಂಧ ಇದ್ದಲ್ಲೇ ಇತ್ತು. ಕಣ್ಣಾಡಿಸಿದಳು, ಒಂದು ಸುಳಿವು ತಿದ್ದಿದಳು, ಮೂರೂ ಐವತ್ತಾರಕ್ಕೆ ಕಳಿಸಿದಳು. ಹನ್ನೊಂದು ವರ್ಷದ ಲೆಕ್ಕ ಉಳಿಯಿತು. ಸಾಹೇಬರು ನಿಟ್ಟುಸಿರು ಬಿಡುವಷ್ಟರಲ್ಲಿ ತೆರೆಯ ಮೇಲೊಂದು ಕೊನೆಯ ಚೌಕ ಬಂತು: ಭದ್ರತೆಗಾಗಿ ಹೊಸ ಪಾಸ್‌ವರ್ಡ್, ಹೊಸ ಗುಪ್ತ ಪ್ರಶ್ನೆ. ಪಾಸ್‌ವರ್ಡನ್ನು ಅವಳು ಸಾಹೇಬರನ್ನು ಬಾಲ್ಕನಿಗೆ ಕಳಿಸಿ ಹಾಕಿದಳು. ಪ್ರಶ್ನೆಯನ್ನು ಮಾತ್ರ ಕರೆದು ತೋರಿಸಿದಳು. ಪಟ್ಟಿಯಲ್ಲಿದ್ದ ಹತ್ತರಲ್ಲಿ ಅವಳು ಆರಿಸಿದ್ದು, ‘ನೀವು ಸಾಕಿದ ಮೊದಲ ಪ್ರಾಣಿಯ ಹೆಸರೇನು?’

“ನಾವು ಯಾವ ಪ್ರಾಣಿಯನ್ನೂ ಸಾಕಿಲ್ಲವಲ್ಲೇ,” ಎಂದರು ಸಾಹೇಬರು.

ಅವಳು ಅವರನ್ನು ಚಪ್ಪಲಿಯಿಂದ ಕನ್ನಡಕದವರೆಗೆ ಒಮ್ಮೆ ನಿಧಾನವಾಗಿ ನೋಡಿದಳು. ಆಮೇಲೆ ತೆರೆಯ ಕಡೆ ತಿರುಗಿ, ಯೋಚಿಸುವ ಗೋಜಿಗೇ ಹೋಗದೆ ಟೈಪು ಮಾಡಿದಳು. ಚುಕ್ಕಿಗಳು ಒಂದೊಂದಾಗಿ ಮೂಡಿದವು. ಸಾಹೇಬರು ಬಗ್ಗಿ ಎಣಿಸಿದರು. ನಂಬಿಕೆಯಾಗದೆ ಬೆರಳು ಮಡಿಸಿ ಇನ್ನೊಮ್ಮೆ ಎಣಿಸಿದರು.

ಅವರ ಹೆಸರಿಗೆ ಒಂದು ಚುಕ್ಕಿ ಹೆಚ್ಚೂ ಇರಲಿಲ್ಲ, ಒಂದು ಚುಕ್ಕಿ ಕಡಿಮೆಯೂ ಇರಲಿಲ್ಲ.